ಬಿಸಿಲಿಗಿಟ್ಟ ಗಿಟಾರು

ಮೊನ್ನೆ ಕಿನ್ನಾಳಕ್ಕೆ ಹೋಗಿದ್ದೆ. ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಒಂದು ಮರದ ಗಿಣಿ ಬೇಕಿತ್ತು. ಗೊಂಬೆ ಮಾಡುವವರ ಓಣಿಗೆ ಕಾಲಿಡುತ್ತಲೇ ಹುಣಸೆ ಬೀಜದ ಅಂಟು ಕಾಯುವ ವಾಸನೆ ಮೂಗಿಗೆ ಬಡಿಯಿತು. ಹುರಿದ ಹಿಟ್ಟಿನದೂ ಅಲ್ಲ, ಹಸಿ ಕಟ್ಟಿಗೆಯದೂ ಅಲ್ಲ, ಎರಡರ ನಡುವಿನ ಬೆಚ್ಚನೆಯ ವಾಸನೆ. ಬೇರೆಯವರಿಗೆ ಅದು ಗೊಂಬೆಯ ವಾಸನೆ. ನಾನು ಮಾತ್ರ ಮುಂದೆ ಹೋಗಲಾರದೆ ಅಲ್ಲೇ ಒಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

"ಯಾಕ್ರೀ ಯಕ್ಕಾ, ಬಿಸಲು ಬಡೀತೇನು?" ಎಂದು ಆ ಮನೆಯಾಕೆ ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

ಬಿಸಿಲು ಬಡಿದದ್ದೇನೋ ನಿಜ, ಆದರೆ ಅದು ಈ ವರ್ಷದ ಬಿಸಿಲಲ್ಲ. ಮೂರು ವರ್ಷದ ಹಿಂದಿನದು.

ನಮ್ಮದು ತಾವರಗೇರಾದ ಕಡೆಯ ಸಣ್ಣ ಊರು. ಕುರಿ ಸಾಕುವ ಮನೆತನ. ಬೇಸಿಗೆ ಬಂತೆಂದರೆ ನಮ್ಮ ಮನೆಯವರು ಹಿಂಡು ಹೊಡೆದುಕೊಂಡು ಕಾರಟಗಿಯ ಕಡೆ, ಕಾಲುವೆಯ ಸೀಮೆಗೆ ಇಳಿದುಬಿಡುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ಮಲಗಿಸಿದರೆ ಗದ್ದೆಯವರಿಗೆ ಗೊಬ್ಬರ, ನಮ್ಮ ಕುರಿಗೆ ಮೇವು. ಮಳೆ ಬೀಳುವ ತನಕ ಮನೆಯಲ್ಲಿ ನಾನು, ಮಗಳು ರೇಣುಕಾ ಮತ್ತು ನನ್ನ ಮಾವ ಮೂವರೇ.

ಮಾವ ಎಂದರೆ ಸುತ್ತಲ ಹಳ್ಳಿಗಳಿಗೆಲ್ಲ ಡೊಳ್ಳಿನ ಬೀರಪ್ಪಜ್ಜ. ಚಳಿಯಿರಲಿ ಬಿಸಿಲಿರಲಿ, ಹೆಗಲ ಮೇಲಿನ ಕರಿ ಕಂಬಳಿ ಇಳಿಸಿದವರಲ್ಲ. ಉಣ್ಣಲು ಕೂತರೂ ಅದು ಹೆಗಲ ಮೇಲೆಯೇ. "ಕಂಬಳಿ ಹಾಸಿದ್ರ ದೇವರು ಬಂದು ಕೂಡ್ತಾನ, ಹೊತ್ಕೊಂಡ್ರ ದೇವರ ನಮ್ಮನ್ನ ಹೊರ್ತಾನ" ಎಂಬುದು ಅವರ ಮಾತು. ನನಗೆ ಬಂದ ನಾಲ್ಕು ಮಾತೆಲ್ಲ ಅವರ ಬಾಯಿಂದ ಬಂದದ್ದೇ. ಮದುವೆಯಾಗಿ ಬಂದಾಗ ನಾನು ಮೂಕಿಯಂತಿದ್ದೆನಂತೆ. ಡೊಳ್ಳಿನ ಪದ ಕೇಳಿ ಕೇಳಿ ಬಾಯಿ ಬಂತು ಎಂದು ಅವರು ಈಗಲೂ ಚೇಷ್ಟೆ ಮಾಡುತ್ತಾರೆ.

ಆ ವರ್ಷ ಮೂಕಿಯಾದವಳು ನನ್ನ ಮಗಳು. ನರ್ಸಿಂಗ್ ಓದಲು ಹೋದವಳು ಅರ್ಧಕ್ಕೆ ಬಿಟ್ಟು ಬಂದಿದ್ದಳು. ಯಾಕೆ ಬಿಟ್ಟೆ ಎಂದರೆ "ಆಗಲಿಲ್ಲ" ಎಂದಳು, ಅಷ್ಟೇ. ಬೈಯುವುದಾಯಿತು, ರಮಿಸುವುದಾಯಿತು, ಹರಕೆ ಹೊತ್ತದ್ದಾಯಿತು. ಹೇಳಿದ ಕೆಲಸ ಮಾಡುವಳು, ಕರೆದರೆ ಊಟಕ್ಕೆ ಬರುವಳು, ಮುಗಿಯಿತೆಂದರೆ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಮಕ್ಕಳು ಅತ್ತರೆ ಸಮಾಧಾನ ಮಾಡಬಹುದು. ಗೋಡೆ ನೋಡುವ ಮಗಳನ್ನು ಹೇಗೆ ಸಮಾಧಾನ ಮಾಡುವುದು? ಅವಳ ಬೆನ್ನು ನೋಡಿ ನೋಡಿ ನನಗೆ ಅವಳ ಮುಖವೇ ಮರೆಯುತ್ತದೇನೋ ಎಂಬ ಭಯ ಹುಟ್ಟಿತ್ತು.

ಅಂಥವಳು ಎದ್ದು ಕೂತದ್ದು ತಾವರಗೇರಾದ ಒಂದು ಮದುವೆಯಲ್ಲಿ. ಗಂಗಾವತಿಯಿಂದ ಮೆಲೊಡಿ ಪಾರ್ಟಿ ಬಂದಿತ್ತು. ಹಾಡು ಮುಗಿದು ಅವರು ನೀರು ಕುಡಿಯುತ್ತಿದ್ದಾಗ ನನ್ನ ಪಕ್ಕದಲ್ಲಿದ್ದ ಮಗಳು ಕಾಣಲಿಲ್ಲ. ನೋಡಿದರೆ ಸ್ಟೇಜಿನ ಹಿಂದೆ, ಗಿಟಾರ್ ಬಾರಿಸುವ ಹುಡುಗನ ಮುಂದೆ ನಿಂತಿದ್ದಾಳೆ. ಹಾಸ್ಟೆಲಿನಲ್ಲಿ ಗೆಳತಿಯ ಗಿಟಾರಿನ ಮೇಲೆ ಕಲಿತಿದ್ದಳಂತೆ. ನಮಗೆ ಗೊತ್ತೇ ಇರಲಿಲ್ಲ. ಅವನು ನಕ್ಕು ಕೈಗೆ ಕೊಟ್ಟ. ಅವಳು ಬಾರಿಸಿದಳು. ಪಾರ್ಟಿಯ ಮಾಸ್ತರರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು.

"ಕೈ ಛಲೋ ಐತಿ ತಂಗಿ," ಎಂದರು. "ನಮ್ಮ ಹುಡುಗ ಬ್ಯಾರೆ ಊರಿಗೆ ಹೊಂಟಾನ, ಗಿಟಾರೂ ಅವಂದ. ನೀ ನಿಂದೊಂದು ತಗೊಂಡು ಬಾ. ಬಸವ ಜಯಂತಿ ಮುಗದ ಮ್ಯಾಲ ಕಾರಟಗ್ಯಾಗ ಒಂದು ದೊಡ್ಡ ಮದುವಿ ಐತಿ. ಅಲ್ಲಿ ಬಾರಿಸು. ಸೈ ಅನಿಸಿದ್ರ ನೀನ ನಮ್ಮ ಪಾರ್ಟಿಯಾಕಿ. ಇಲ್ಲಂದ್ರ ಸಿಂಧನೂರಾಂವ ಒಬ್ಬ ಕೇಳಾಕತ್ಯಾನ, ಅವನ್ನ ಹಾಕ್ಕೋತೀನಿ."

ಮನೆಗೆ ಬರುವ ದಾರಿಯಲ್ಲಿ ರೇಣುಕಾ ಇಡೀ ವರ್ಷ ಆಡದ ಮಾತನ್ನೆಲ್ಲ ಆಡಿದಳು. ನಾನು ಹೂಂಗುಟ್ಟುತ್ತಾ ಬಂದೆ. ಸಂತೋಷಕ್ಕಿಂತ ನನಗೆ ದಿಗಿಲೇ ಹೆಚ್ಚು. ಇದೂ ಕೈಬಿಟ್ಟರೆ ಆ ಗೋಡೆಯಿಂದ ಮಗಳನ್ನು ಮತ್ತೆ ಈ ಕಡೆ ತಿರುಗಿಸುವುದು ಯಾರ ಕೈಲಿದೆ?

ಹೆಣ್ಣುಕೂಸು ಹುಟ್ಟಿದರೆ ಹಿಂಡಿನಲ್ಲಿ ಒಂದು ಕುರಿ ಅವಳ ಹೆಸರಿಗೆ ಬಿಡುವ ಪದ್ಧತಿ ನಮ್ಮಲ್ಲಿದೆ. ಅದರ ಸಂತತಿಯೆಲ್ಲ ಅವಳದೇ. ರೇಣುಕಾಳ ಪಾಲಿನ ಆ ವರ್ಷದ ಟಗರು ಸಂತೆಗೆ ಹೋಗಿ ಗಿಟಾರಾಯಿತು.

ಫೋನಿನಲ್ಲಿ ಹುಡುಕಿ ಅವಳೇ ಒಂದನ್ನು ಗೊತ್ತುಮಾಡಿದಳು. ಗಂಗಾವತಿಯ ಬ್ಯಾಂಕಿನಲ್ಲಿದ್ದ ಒಬ್ಬ ಸಾಹೇಬರು ವರ್ಗವಾಗಿ ಹೊರಟಿದ್ದರು. ಹಾಗೇ ಬಾರಿಸಿದರೂ ಕೇಳುವ, ವೈರು ಚುಚ್ಚಿ ಸ್ಪೀಕರಿಗೂ ಹಾಕಬಹುದಾದ ಗಿಟಾರು. ನೋಡಲು ಮೂವರೂ ಹೋದೆವು. ಸಾಹೇಬರು ಆಫೀಸಿಗೆ ಹೋಗಿದ್ದರು, ಅವರ ಹೆಂಡತಿ ಸಾಮಾನು ಕಟ್ಟುವ ಗಡಿಬಿಡಿಯಲ್ಲೇ ಕಪಾಟಿನ ಮೇಲಿನಿಂದ ತೆಗೆದುಕೊಟ್ಟರು. ರೇಣುಕಾ ಧೂಳು ಒರೆಸುತ್ತಿದ್ದಂತೆ ಮಾವ ಮುಂದೆ ಬಂದರು. ಟಗರು ಕೊಳ್ಳುವಾಗ ಹಲ್ಲು ನೋಡಿ, ಬೆನ್ನು ಒತ್ತಿ ನೋಡುವಂತೆ ಇದನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಹೊಟ್ಟೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು.

"ಚರ್ಮ ಎಲ್ಲೈತಿ ಇದಕ?"

"ಚರ್ಮ ಇಲ್ಲ ಯಜ್ಜಾ, ಪೂರಾ ಕಟ್ಟಿಗಿದು," ಎಂದಳು ರೇಣುಕಾ.

"ಬದೀಗೆ ಇದೇನಿದು, ಸಣ್ಣ ಬಾಗಲಾ?"

"ಅಲ್ಲಿ ಸೆಲ್ಲು ಹಾಕೂದು."

"ಸೆಲ್ಲು ಹಾಕಿದ್ರ ಬಾರಿಸ್ತೈತೇನು? ಹಂಗಾದ್ರ ನೀ ಯಾಕ ಬೇಕು?"

ಆ ಅಕ್ಕ ನಕ್ಕು ನಕ್ಕು ಡಬ್ಬಿಯ ಮೇಲೆ ಕೂತರು. ರೇಣುಕಾ ಕೂಡ ನಕ್ಕಳು. ಆ ನಗೆಯ ಗುಂಗಿನಲ್ಲಿ ನಾವು ಒಂದನ್ನು ಮರೆತೆವು. ಸ್ಪೀಕರಿಗೆ ಹಾಕಿ ನೋಡಲಿಲ್ಲ. ಅವರ ಮನೆಯಲ್ಲಿ ಸ್ಪೀಕರು ಇರಲೂ ಇಲ್ಲ.

ಗಿಟಾರಿಗೆ ಗವಸಣಿಗೆಯ ಚೀಲವನ್ನು ನಾನೇ ಹೊಲಿದೆ. ಹಳೆಯ ಕೌದಿಯೊಂದನ್ನು ಬಿಚ್ಚಿ, ಮಾವನ ಧೋತರದ ಅಂಚು, ನನ್ನ ಇಳಕಲ್ ಸೀರೆಯ ಹರಕು, ರೇಣುಕಾಳ ಸಾಲಿಯ ಅಂಗಿ ಎಲ್ಲ ಕೂಡಿಸಿ ದಪ್ಪಗೆ ಹೊಲಿದೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರೆ "ಕೂಸಿಗೆ ಆರಾಮಿಲ್ಲೇನ್ರಿ?" ಎಂದು ಒಬ್ಬ ಮುದುಕಿ ಕೇಳಿದ್ದಳು.

ಗಂಗಾವತಿಯ ತಾಲೀಮಿನಲ್ಲಿ ಮೊದಲ ಸಲ ವೈರು ಚುಚ್ಚಿದಾಗ ಬಂದದ್ದು ಹಾಡಲ್ಲ. ಜೇನುಹುಟ್ಟಿಗೆ ಕಲ್ಲು ಹೊಡೆದಂತೆ ಗುಂಯ್ ಎಂಬ ಸದ್ದು, ನಡುನಡುವೆ ಚಟಚಟ. ಮಾಸ್ತರರು ಕಿವಿ ಮುಚ್ಚಿಕೊಂಡರು.

"ಇದನ್ನ ಹಿಡ್ಕೊಂಡು ಮದುವಿಗೆ ಬಂದ್ರ ಬೀಗರು ಎಲಿ ಬಿಟ್ಟು ಓಡ್ತಾರವ್ವ. ರಿಪೇರಿ ಮಾಡಿಸಿಕೊಂಡು ಬಾ."

ಕುಷ್ಟಗಿಯಲ್ಲಿ ಮೈಕು, ಸ್ಪೀಕರು ದುರಸ್ತಿ ಮಾಡುವ ಅಂಗಡಿಯವನು ವೈರು ಚುಚ್ಚುವ ತೂತನ್ನು ಬಿಚ್ಚಿ ನೋಡಿದ. ಒಳಗಿನ ಅರ್ಥ್ ವೈರು ಕಿತ್ತು ತೂಗುತ್ತಿತ್ತು. ಕಾದ ಕಡ್ಡಿಯಿಂದ ಬೆಸುಗೆ ಹಾಕಿ ಹೊಸ ಸೆಲ್ಲು ತುಂಬಿದ. ಗುಂಯ್ ಸದ್ದು ಹೋಯಿತು. ನಾನು ಅಲ್ಲೇ ನಿಂತು ದೇವರಿಗೆ ಕೈಮುಗಿದೆ. ಇಷ್ಟಕ್ಕೇ ಮುಗಿಯಿತು ಎಂದುಕೊಂಡದ್ದೇ ನನ್ನ ಮೂಢತನ.

ಮರುವಾರ ಅಡ್ಡಮಳೆ ಬಂತು. ಧೂಳು, ಗಾಳಿ, ಆಮೇಲೆ ತಗಡಿನ ಮೇಲೆ ಜೋಳ ಸುರಿದಂತೆ ಮಳೆ. ಬೆಳಗ್ಗೆ ರೇಣುಕಾ ಗಿಟಾರ್ ಹಿಡಿದು ಮುಖ ಸಣ್ಣ ಮಾಡಿಕೊಂಡಳು. "ಧ್ವನಿ ಮಂಕಾಗೈತಿ ಯವ್ವಾ. ತಂತಿ ಹಳೇವು, ತುಕ್ಕು ಹಿಡದಾವ. ಹೊಸಾವು ಹಾಕಬೇಕು."

ಕಟ್ಟೆಯ ಮೇಲೆ ಕೂತಿದ್ದ ಮಾವ ಅದನ್ನು ಕೇಳಿಸಿಕೊಂಡರು.

ತಂತಿಗಾಗಿ ನಾವಿಬ್ಬರೂ ಕುಷ್ಟಗಿಗೆ ಹೋದೆವು. ತಿರುಗಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಮಳೆ ಬಿದ್ದ ಮರುದಿನದ ಬಿಸಿಲು ಹೇಗಿರುತ್ತದೆಂದು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ, ನೆಲದಿಂದಲೂ ಕಾಯುತ್ತದೆ, ಮೇಲಿನಿಂದಲೂ ಸುಡುತ್ತದೆ. ಅಂಗಳದ ನಡುವೆ ಮಾವ ಎರಡು ವಾದ್ಯಗಳನ್ನು ಜೋಡಿಸಿ ಇಟ್ಟಿದ್ದರು. ಒಂದು ಅವರ ಡೊಳ್ಳು. ಅದರ ಪಕ್ಕದಲ್ಲಿ, ಸೂರ್ಯನಿಗೆ ಹೊಟ್ಟೆ ಕೊಟ್ಟು ಮಲಗಿದ ಗಿಟಾರು.

ಮಾವನ ಮುಖದಲ್ಲಿ ಎಂಥ ಹಿಗ್ಗು! "ಬಾ ಮಗಳ. ನಿನ್ನಿ ಮಳಿಗೆ ತಂಪು ಹಿಡದಿತ್ತು, ಅದಕ ಮಂಕ ಅನ್ನಾಕತ್ತಿತ್ತು. ಮುಂಜಾನಿಂದ ಬಿಸಲು ಕಾಸೇನಿ. ಈಗ ಬಾರಸು, ಗಂಟಿ ಬಾರಿಸಿದಂಗ ಅಂತೈತಿ."

ಡೊಳ್ಳಿಗೆ ಅದೇ ಔಷಧ. ತಂಪು ಹಿಡಿದ ಚರ್ಮ ಬದ್ ಎನ್ನುತ್ತದೆ. ಬಿಸಿಲು ಕಂಡರೆ ಬಿಗಿದು ಗುಡುಗುತ್ತದೆ. ಜೀವಮಾನವೆಲ್ಲ ಹಾಗೆ ಮಾಡಿದ ಮನುಷ್ಯ. ಮೊಮ್ಮಗಳ ವಾದ್ಯಕ್ಕೂ ತಾನೇ ಔಷಧ ಕೊಟ್ಟೆನೆಂಬ ಸಂಭ್ರಮದಲ್ಲಿ ಊಟವನ್ನೂ ಮಾಡದೆ ಕಾಯುತ್ತ ಕೂತಿದ್ದರು.

ರೇಣುಕಾ ಓಡಿಹೋಗಿ ಎತ್ತಿಕೊಂಡಳು. ಕಟ್ಟಿಗೆ ಕೈಗೆ ಹಿಡಿಸದಷ್ಟು ಕಾದಿತ್ತು. ತಂತಿಗಳ ಬುಡವನ್ನು ಹಿಡಿದು ನಿಲ್ಲಿಸುವ ಒಂದು ಕರಿ ಪಟ್ಟಿ ಇರುತ್ತದಲ್ಲ, ಅವಳು ಬ್ರಿಡ್ಜ್ ಎನ್ನುತ್ತಿದ್ದಳು, ತಂಬೂರಿ ಕಂಡ ನಮ್ಮ ಹಿರಿಯರು ಕುದುರೆ ಎನ್ನುತ್ತಾರೆ. ಆ ಕುದುರೆಯ ಹಿಂಬದಿ ಅಂಟು ಬಿಟ್ಟು ಎದ್ದಿತ್ತು. ತಂತಿಯ ಜಗ್ಗಾಟಕ್ಕೆ ಬಾಯಿ ತೆರೆದು, ಈಗ ಕಿತ್ತು ಬರುತ್ತದೋ ಇನ್ನೊಂದು ಗಳಿಗೆಗೆ ಕಿತ್ತು ಬರುತ್ತದೋ ಎನ್ನುವಂತೆ ನಿಂತಿತ್ತು. ಒಳಗೆ ತೆಂಗಿನ ಗರಿಯ ಕಡ್ಡಿ ತೂರಿಸಬಹುದಿತ್ತು.

ನಾನು ಅವಳು ಕೂಗಾಡುತ್ತಾಳೆಂದುಕೊಂಡೆ. ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ತಂತಿಗಳನ್ನೆಲ್ಲ ಒಂದೊಂದಾಗಿ ಸಡಿಲು ಮಾಡಿ, ಗಿಟಾರನ್ನು ಕೌದಿ ಚೀಲದೊಳಗಿಟ್ಟು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡಳು.

ಮಾವನಿಗೆ ಏನಾಯಿತೆಂದು ನಾನೇ ತಿಳಿಸಿ ಹೇಳಬೇಕಾಯಿತು. "ಹಂಗಾರ ಬಿಸಲು ಅದಕ ವಿಷ ಅಂದಂಗಾತು," ಎಂದರು. ಎದ್ದು ಡೊಳ್ಳನ್ನು ಹೊತ್ತುಕೊಂಡು ಹೋಗಿ ಜೋಳದ ಚೀಲಗಳ ಹಿಂದೆ, ಕತ್ತಲ ಮೂಲೆಗೆ ತಳ್ಳಿದರು. ಸೋಮವಾರ ಗುಡಿಯ ಮುಂದೆ ಡೊಳ್ಳಿನ ಮೇಳ ಕೂಡಿದಾಗ ಕರೆಯಲು ಬಂದವರಿಗೆ ಕೈ ನೋವೆಂದು ಹೇಳಿ ಕಳಿಸಿದರು. ಮನೆಯಲ್ಲಿ ಒಂದಿದ್ದ ಮೌನ ಎರಡಾಯಿತು. ನಾನು ರೊಟ್ಟಿ ಬಡಿಯುವ ಸದ್ದೊಂದೇ. ಅದೂ ನನಗೆ ಜೋರಾಗಿ ಕೇಳಿ, ಮೆಲ್ಲಗೆ ಬಡಿಯತೊಡಗಿದೆ.

ಮದುವೆ ಬರುವ ಭಾನುವಾರ. ಸುಮ್ಮನೆ ಕೂತರೆ ಆಗದೆಂದು ನಾನೇ ಅವರಿವರನ್ನು ಕೇಳಿದೆ. ಕಿನ್ನಾಳದಲ್ಲಿ ಮೌನೇಶ ಎಂಬ ಒಬ್ಬ ಗೊಂಬೆ ಮಾಡುವವನು ಮುರಿದ ಹಾರ್ಮೋನಿಯಂ, ತಂಬೂರಿಗಳನ್ನೂ ಕೂಡಿಸಿಕೊಡುತ್ತಾನೆಂದು ತಿಳಿಯಿತು. ರೇಣುಕಾಳನ್ನು ಎಬ್ಬಿಸಿ, ಹೆಚ್ಚುಕಡಿಮೆ ಎಳೆದುಕೊಂಡೇ ಕೊಪ್ಪಳದ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಅವಳು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಕೊಪ್ಪಳದ ಕೋಟೆಯ ಗುಡ್ಡ ಕಂಡಾಗ "ಯವ್ವಾ, ಸುಮ್ನ ಹೊಂಟೀವಿ. ಆಗಂಗಿಲ್ಲ," ಎಂದಳು. ಆ "ಆಗಂಗಿಲ್ಲ" ಹಳೆಯ "ಆಗಲಿಲ್ಲ"ದ ತಂಗಿಯೇ ಎನಿಸಿತು ನನಗೆ.

ಮೌನೇಶನಿಗೆ ಆ ಹೆಸರಿಟ್ಟವರು ಯಾರೋ, ಬಾಯಿ ಮುಚ್ಚಿದ ಗಳಿಗೆಯನ್ನು ನಾನು ಕಾಣಲಿಲ್ಲ. ಒಲೆಯ ಮೇಲೆ ಹುಣಸೆ ಬೀಜದ ಅಂಟು ಕೊತಕೊತ ಎನ್ನುತ್ತಿತ್ತು. ಸುತ್ತಲೂ ಬಣ್ಣ ಕಾಣದ ಗಿಣಿ, ಆನೆ, ಗೌರಿಯರು ಒಣಗುತ್ತ ನಿಂತಿದ್ದರು. ಗಿಟಾರು ಕೈಗೆ ತೆಗೆದುಕೊಂಡವನೇ ಕುದುರೆಯ ಸಂದಿಗೆ ಊದಿ ನೋಡಿದ.

"ಇಷ್ಟ ಏನ್ರಿ! ಇದಕ್ಯಾಕ ಅಷ್ಟು ಮಾರಿ ಸಣ್ಣ ಮಾಡೀರಿ? ಎರಡು ಸ್ಕ್ರೂ ಹೊಡದು ಬಿಡ್ತೀನಿ. ಯಲಬುರ್ಗಾದ ಭಜನಿಯವರ ಹಾರ್ಮೋನಿಯಂ ಹಿಂಗ ಮಾಡಿ ಕೊಟ್ಟೇನಿ, ಅದು ಬಾವ್ಯಾಗ ಬಿದ್ದು ಮ್ಯಾಲ ಬಂದೈತಿ, ಸ್ಕ್ರೂ ಮಾತ್ರ ಅಲ್ಲಾಡಿಲ್ಲ!"

ಹೇಳುತ್ತಲೇ ಡಬ್ಬಿಯಿಂದ ಬೆರಳುದ್ದದ ಸ್ಕ್ರೂ ತೆಗೆದ. ತೂತು ಕೊರೆಯುವ ಬೈರಿಗೆಯನ್ನು ಕುದುರೆಯ ಮೇಲಿಟ್ಟ.

"ಬ್ಯಾಡ್ರೀ!"

ಅಂಗಡಿಯೇ ನಡುಗುವಂತೆ ಕೂಗಿದ್ದು ನನ್ನ ಮಗಳು. ಎದುರುಮನೆಯ ಹೆಣ್ಣುಮಗಳು ಹೊರಬಂದು ನೋಡಿದಳು. ರೇಣುಕಾ ಬೈರಿಗೆಯನ್ನು ಕೈಯಿಂದ ಹಿಡಿದುಬಿಟ್ಟಿದ್ದಳು. "ಅದರ ಕೆಳಗ ಪಿಕಪ್ ಪಟ್ಟಿ ಐತಿ. ತಂತಿ ನಡುಕ ಸ್ಪೀಕರಿಗೆ ಮುಟ್ಟಿಸೂದ ಅದು. ಸ್ಕ್ರೂ ಹೋತಂದ್ರ ಸತ್ತ ಹೋಗ್ತೈತಿ. ಆಮ್ಯಾಲ ಇದು ಬರೇ ಕಟ್ಟಿಗಿ."

ಮೌನೇಶ ಕೈಕಟ್ಟಿ ಕೂತ. "ಹಂಗಾದ್ರ ನೀನ ಮಾಡವ್ವ ಡಾಕ್ಟರಮ್ಮ. ನಾ ನೋಡ್ತೀನಿ."

"ಮಾಡ್ತೀನಿ," ಎಂದಳು ಅವಳು. "ಅಂಟು ಯಾವುದು ಹಾಕಬೇಕು, ನೀವು ಹೇಳ್ರಿ. ಅದು ನನಗ ಗೊತ್ತಿಲ್ಲ."

ಅವನ ಮುಖ ಸ್ವಲ್ಪ ಸಡಿಲಾಯಿತು. ಗಲ್ಲ ಕೆರೆದುಕೊಂಡ. "ಗೊಂಬಿ ಆಗಿದ್ರ ಹುಣಸಿ ಅಂಟು ಅಂತಿದ್ದೆ. ಬಾಗಲಾಗಿದ್ರ ಡಬ್ಬಿ ಅಂಟು. ಇದು ಗೊಂಬಿನೂ ಅಲ್ಲ, ಬಾಗಲೂ ಅಲ್ಲ." ಒಲೆಯ ಕಡೆ ನೋಡಿದ, ಕಪಾಟಿನ ಕಡೆ ನೋಡಿದ. "ತಂತಿ ಜಗ್ತಾವಲ್ಲ, ಹುಣಸಿ ತಡಿಯಂಗಿಲ್ಲ. ಡಬ್ಬೀದ ಹಾಕೂಣು. ಖರೇ ಹೇಳ್ಬೇಕಂದ್ರ, ನಿಲ್ತೈತಿ ಅಂತ ನಾನೂ ಮಾತು ಕೊಡಂಗಿಲ್ಲ."

ಇಬ್ಬರೂ ಕೂಡಿ ಕೂತರು. ಅವಳು ಫೋನಿನಲ್ಲಿ ನೋಡಿ ಹೇಳುವಳು, ಅವನು ತಕರಾರು ಮಾಡುತ್ತ ಮಾಡುವನು. ಹಳೆಯ ಅಂಟನ್ನು ತೆಳ್ಳನೆಯ ಉಳಿಯಿಂದ ಕೆರೆದು ತೆಗೆದರು. ಪೋಸ್ಟ್ ಕಾರ್ಡಿನ ತುಂಡಿಗೆ ಬಿಳಿ ಅಂಟು ಹಚ್ಚಿ ಸಂದಿಯೊಳಗೆ ತುಂಬಿದರು. ಗಿಟಾರಿನ ಹೊಟ್ಟೆಯೊಳಗೆ ಒಂದು ಮೋಟು ಕಟ್ಟಿಗೆಯನ್ನು ಕಂಬದಂತೆ ನಿಲ್ಲಿಸಿ, ಮೇಲೆ ಕುದುರೆಯ ಮೇಲೆ ಬಟ್ಟೆ ಹಾಸಿ, ಎದುರುಮನೆಯ ಒಳಕಲ್ಲಿನ ಗುಂಡನ್ನು ತಂದು ಹೇರಿದರು. ಇಂಥ ನಾಜೂಕಿನ ಹೆಂಗಸಿನಂತಿದ್ದ ಗಿಟಾರು, ಚಟ್ನಿ ಅರೆಯುವ ಗುಂಡನ್ನು ಹೊಟ್ಟೆಯ ಮೇಲೆ ಹೊತ್ತು ಮಲಗಿದ್ದನ್ನು ನೋಡಿ ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ.

"ಗುರುವಾರದ ತನಕ ಕಲ್ಲು ಎತ್ತಂಗಿಲ್ಲ," ಎಂದ ಮೌನೇಶ. "ಎದುರುಮನಿಯವರು ಅಲ್ಲೀತನಕ ಮಿಕ್ಸರ್‌ನ್ಯಾಗ ಚಟ್ನಿ ಮಾಡ್ಕೊಳ್ಳಿ."

ಬರಿದಾದ ಕೌದಿ ಚೀಲವನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದೆವು. ಮಾವ ಕಟ್ಟೆಯ ಮೇಲೆ ದಾರಿ ನೋಡುತ್ತಿದ್ದರು. ಚೀಲ ಬರಿದಾಗಿರುವುದನ್ನು ಕಂಡದ್ದೇ ಅವರ ಮುಖ ಬಿಳಿಚಿತು.

"ಹೋತಾ?" ಎಂದರು, ದವಾಖಾನೆಯಿಂದ ಬಂದವರನ್ನು ಕೇಳುವಂತೆ.

"ಇಲ್ರೀ ಮಾವ. ಕಲ್ಲು ಹೇರ್ಯಾರ."

"ಕಲ್ಲು ನನ್ನ ಎದಿ ಮ್ಯಾಲ ಹೇರಬೇಕಿತ್ತು," ಎಂದು ಅವರು ಕಂಬಳಿಯ ತುದಿಯಿಂದ ಮೂಗು ಒರೆಸಿಕೊಂಡರು.

ರೇಣುಕಾ ಅವರನ್ನು ದಾಟಿ ಒಳಗೆ ಹೋದಳು. ನಾನು ಹೊಸ್ತಿಲಲ್ಲೇ ನಿಂತೆ. ಈಗ ಗೋಡೆಯ ಕಡೆ ತಿರುಗುತ್ತಾಳೆ, ಈಗ ತಿರುಗುತ್ತಾಳೆ. ಅವಳು ತಿರುಗಿ ಬಂದಳು. ಕೈಯಲ್ಲಿ ಎರಡು ತಾಟು ಇದ್ದವು. ಒಂದನ್ನು ಅಜ್ಜನ ಮುಂದಿಟ್ಟು "ಉಣ್ಣು ಯಜ್ಜಾ. ನೀ ಉಪಾಸ ಇದ್ರ ಅಂಟು ಲಗೂ ಒಣಗಂಗಿಲ್ಲ," ಎಂದಳು. ಆದರೆ ಅವಳ ದನಿಯಲ್ಲಿ ಇನ್ನೂ ಬಿಗಿಯಿತ್ತು. ಮಾವ ತಾಟಿನಿಂದ ಕಣ್ಣೆತ್ತದೆ ಉಂಡರು.

ಗುರುವಾರ ತಂದೆವು. ಶುಕ್ರವಾರ ಹೊಸ ತಂತಿ ಹಾಕುವ ಕೆಲಸ. ಅವಳು ತುದಿಯಲ್ಲಿ ತಂತಿ ಸುತ್ತುವ ಒಂದೊಂದೇ ಕಿವಿ ತಿರುವಿ, ಸ್ವಲ್ಪ ಬಿಗಿದು, ಬಿಟ್ಟು, ಮತ್ತೆ ಸ್ವಲ್ಪ ಬಿಗಿಯುತ್ತಿದ್ದಳು. ಪ್ರತಿ ತಿರುವಿಗೂ ಕಟ್ಟಿಗೆ ಸಣ್ಣಗೆ ಕಿರ್ ಎನ್ನುತ್ತಿತ್ತು. ಅದು ಮೇಲಿನ ಕಿವಿಯ ಸದ್ದೋ, ಅಂಟು ಬಿಡುವ ಸದ್ದೋ ಹೇಳುವವರಾರು? ಹಿತ್ತಲಿಗೆ ಹೋಗಿದ್ದ ಮಾವ ಅಲ್ಲಿಂದಲೇ "ನಿಂತೈತೇನು?" ಎಂದು ಕೂಗುವರು. "ನಿಂತೈತ್ರಿ," ಎಂದು ನಾನು ಕೂಗುವೆನು. ಕೊನೆಯ ತಂತಿಗೆ ಬರುವ ಹೊತ್ತಿಗೆ ನನ್ನ ಅಂಗೈ ಒದ್ದೆಯಾಗಿ ಸೀರೆಗೆ ಒರೆಸಿ ಒರೆಸಿ ಸೆರಗು ಹಸಿಯಾಗಿತ್ತು. ನಿಂತಿತು. ಆದರೆ ಮನೆಯ ನೆರಳಲ್ಲಿ ನಿಂತದ್ದು ಕಾರಟಗಿಯಲ್ಲಿ ನಿಲ್ಲುತ್ತದೆಂದು ಯಾವ ಧೈರ್ಯ?

ಭಾನುವಾರ ನಾವು ಹೊರಟಾಗ ಮಾವನೂ ಹೊರಟು ನಿಂತರು. "ಮಗ ಅಲ್ಲೇ ಹಿಂಡಿನ್ಯಾಗ ಅದಾನಲ್ಲ, ಮಾತಾಡಿಸಿಕೊಂಡು ಬರ್ತೀನಿ," ಎಂದರು. ರೇಣುಕಾ ಚೀಲ ಹೆಗಲಿಗೇರಿಸಿ ಮುಂದೆ ನಡೆದಳು. ಬಸ್ಸಿನಲ್ಲಿ ಅವಳು ನೆರಳಿನ ಬದಿಯ ಸೀಟು ನೋಡಿ ಕೂತಳು. ಗಂಗಾವತಿಯಲ್ಲಿ ಬಸ್ಸು ಬದಲಿಸಿ ಹೊರಟಾಗ ರಸ್ತೆ ತಿರುಗಿ ಬಿಸಿಲು ಆ ಕಡೆಗೇ ಬಂತು. ಎದ್ದು ಈ ಕಡೆ ಬಂದೆವು. ಒಬ್ಬ ಪ್ರಯಾಣಿಕ ಗೊಣಗಿದ. ಕಂಡಕ್ಟರ್ "ಏನೈತ್ರಿ ಆ ಚೀಲದಾಗ, ಐಸ್ ಕ್ಯಾಂಡಿಯಾ?" ಎಂದ.

ಕಾರಟಗಿಯ ಆ ಮದುವೆ ರೈಸ್ ಮಿಲ್ಲಿನ ಧಣಿಗಳದು. ಮಿಲ್ಲಿನ ಪಕ್ಕದ ಬಯಲಿನಲ್ಲಿ ಪೆಂಡಾಲು, ಅದರ ತುದಿಗೆ ಪಡುವಣಕ್ಕೆ ಮುಖ ಮಾಡಿದ ಸ್ಟೇಜು. ಸಂಜೆ ಹಾಡು. ಸ್ಪೀಕರಿನ ಹುಡುಗ ವೈರು ಚುಚ್ಚಿ, ದನಿ ಹದ ಮಾಡಿ, ಗಿಟಾರನ್ನು ಸ್ಟ್ಯಾಂಡಿಗೆ ನಿಲ್ಲಿಸಿದ. "ಎಲ್ಲಾ ಸೆಟ್ ಆಗೈತಿ. ಹಾಡು ಚಾಲೂ ಆಗೋ ತನಕ ಯಾರೂ ಕೈ ಹಚ್ಚಂಗಿಲ್ಲ. ಹೋಗಿ ಉಂಡು ಬರ್ರಿ." ಆಗ ಸ್ಟೇಜಿನ ಮೇಲೆ ನೆರಳಿತ್ತು. ರೇಣುಕಾಳಿಗೆ ಮಾಸ್ತರರು ಒಳಗೆ ಹಾಡಿನ ವರಸೆ ಹೇಳಿಕೊಡುತ್ತಿದ್ದರು. ನಾನು ಪಂಕ್ತಿಗೆ ಕೂತೆ.

ಮಾದಲಿಗೆ ತುಪ್ಪ ಹಾಕಿಸಿಕೊಳ್ಳುವಾಗ ಕಣ್ಣಿಗೆ ಬೆಳಕು ಚುಚ್ಚಿತು. ತಲೆಯೆತ್ತಿದೆ. ಸೂರ್ಯ ಪೆಂಡಾಲಿನ ಅಂಚಿನ ಕೆಳಗೆ ಇಳಿದಿದ್ದ. ಉದ್ದಕ್ಕೆ ಚಾಚಿದ ಬಿಸಿಲು ನೇರವಾಗಿ ಸ್ಟೇಜಿನ ಮೇಲೆ. ನಾನು ಎಲೆಯನ್ನು ಬಿಟ್ಟು ಎದ್ದೆ. ಬಡಿಸುವವನು "ಯಕ್ಕಾ, ಎಲಿ ಬಿಟ್ಟು ಏಳಬಾರದ್ರೀ!" ಎನ್ನುತ್ತಿದ್ದ. ಎಂಜಲ ಕೈಯಲ್ಲೇ ಕುರ್ಚಿಗಳ ಸಾಲನ್ನು ದಾಟಿ ಓಡಿದೆ. ನಡುವೆ ಜನ, ಕೂಸುಗಳು, ಫೋಟೋದವರು. ಏನೂ ಕಾಣುತ್ತಿಲ್ಲ. ಕ್ಯಾಮೆರಾದವನ ಬೆನ್ನ ಹಿಂದಿನಿಂದ ಕೊನೆಗೂ ಸ್ಟೇಜು ಕಂಡಿತು.

ಮಾವ ನಿಂತಿದ್ದರು. ಸೂರ್ಯನಿಗೆ ಬೆನ್ನು, ಗಿಟಾರಿಗೆ ಮುಖ. ಎರಡು ಕೈಗಳನ್ನು ಮೇಲೆತ್ತಿ ಕರಿ ಕಂಬಳಿಯನ್ನು ಪರದೆಯಂತೆ ಹಿಡಿದಿದ್ದರು. ನಾನು ಸೊಸೆಯಾಗಿ ಬಂದ ಮೇಲೆ ಅವರ ಬರಿ ಹೆಗಲನ್ನು ಕಂಡದ್ದು ಅದೇ ಮೊದಲು. ಬನಿಯನ್ನಿನ ಹೊರಗೆ ಎಲುಬು ಎದ್ದ, ಕಂಬಳಿಯ ಗುರುತು ಬಿದ್ದ ಹೆಗಲು. ಬೆವರು ಇಳಿದು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಕಂಬಳಿ ಮಾತ್ರ ಇಳಿದಿರಲಿಲ್ಲ. ಯಾವಾಗಿನಿಂದ ನಿಂತಿದ್ದರೋ. ಕೆಳಗಿದ್ದ ಪಡ್ಡೆಗಳು ನಗುತ್ತಿದ್ದರು. "ಅಜ್ಜಾ, ಒಳಗ ಯಾವ ದೇವರ ಕುಂತಾನ? ನಮಗೂ ದರ್ಶನ ಮಾಡಸು!"

ಗದ್ದಲ ಕೇಳಿ ಮಾಸ್ತರರು ಬಂದರು, ಅವರ ಹಿಂದೆ ರೇಣುಕಾ. "ಏನ್ ನಡಿಸೀರಿ ಯಜಮಾನ್ರ? ಕೆಳಗ ಇಳೀರಿ," ಎಂದರು ಮಾಸ್ತರರು.

ಮಾವ ಕದಲಲಿಲ್ಲ. "ಇದು ಚರ್ಮದ್ದಲ್ರಿ, ಕಟ್ಟಿಗೀದು. ಇದಕ ಬಿಸಲು ಆಗಂಗಿಲ್ಲ. ಇಷ್ಟು ವರ್ಷ ಪಾರ್ಟಿ ನಡಿಸೀರಿ, ಇಷ್ಟೂ ಗೊತ್ತಿಲ್ಲೇನು?"

ಮಾಸ್ತರರು ತಬ್ಬಿಬ್ಬಾಗಿ ರೇಣುಕಾಳ ಮುಖ ನೋಡಿದರು. ಅವಳು ಕೆಳತುಟಿ ಕಚ್ಚಿಕೊಂಡಿದ್ದಳು. ಮೆಟ್ಟಿಲು ಹತ್ತಿ ಹೋಗಿ ಅಜ್ಜನ ನೆರಳಲ್ಲೇ, ಕಂಬಳಿಯ ಒಳಗೆ ನುಗ್ಗಿ ಗಿಟಾರನ್ನು ಎತ್ತಿಕೊಂಡಳು. ಕುದುರೆಯ ಮೇಲೆ ಬೆರಳಾಡಿಸಿ "ತಣ್ಣಗೈತಿ ಯಜ್ಜಾ," ಎಂದಳು. ಹೊತ್ತು ಮುಳುಗುವ ತನಕ ಮೊದಲ ಹಾಡನ್ನು ತಡೆಯಿರೆಂದು ಮಾಸ್ತರರಿಗೆ ಅವಳೇ ಹೇಳಿದಳು. ಕೇಳಿದ್ದಲ್ಲ, ಹೇಳಿದ್ದು.

ಆ ಸಂಜೆ ಅವಳು ಏನು ಬಾರಿಸಿದಳೆಂದು ಕೇಳಿದರೆ ನಾನು ಹೇಳಲಾರೆ. ಜನ ಚಪ್ಪಾಳೆ ತಟ್ಟಿದರು, ಮದುಮಕ್ಕಳು ನಕ್ಕರು. ದೂರದ ಗದ್ದೆಯಲ್ಲಿ ಹಿಂಡು ಬಿಟ್ಟು ಬಂದಿದ್ದ ನಮ್ಮ ಮನೆಯವರು ಕೋಲೂರಿ ಹಿಂದೆ ನಿಂತು ಕಣ್ಣೊರೆಸಿಕೊಂಡರಂತೆ. ನನಗೆ ಹಾಡೊಂದೂ ಕಿವಿಗೆ ಬೀಳಲಿಲ್ಲ. ಮೊದಲಿನಿಂದ ಕೊನೆಯ ತನಕ ಆ ಕರಿ ಕುದುರೆಯೊಂದನ್ನೇ ನೋಡುತ್ತಿದ್ದೆ, ಕಣ್ಣು ಮಿಟುಕಿಸಿದರೆ ಎದ್ದು ಹೋಗುತ್ತದೇನೋ ಎಂಬಂತೆ. ಅದು ನಿಂತಿತು.

ಸಾಮಾನು ಕಟ್ಟುವಾಗ ಮಾಸ್ತರರು "ಮುಂದಿನ ವಾರ ಕೊಪ್ಪಳದಾಗ ಐತಿ. ಲಗೂ ಬಾ," ಎಂದಷ್ಟೇ ಹೇಳಿದರು. ನಾಲ್ಕು ಹೆಜ್ಜೆ ಹೋದವರು ತಿರುಗಿ, "ಅಜ್ಜನ್ನೂ ಕರ್ಕೊಂಡು ಬಾರವ್ವ. ನಮ್ಮಲ್ಲಿ ಛತ್ರಿ ಹಿಡಿಯೋರ ಇಲ್ಲ," ಎಂದರು. ಮುಂದಿನ ಸೋಮವಾರ ಮಾವ ಜೋಳದ ಚೀಲಗಳ ಹಿಂದಿನಿಂದ ಡೊಳ್ಳನ್ನು ಹೊರತೆಗೆದರು. ರೇಣುಕಾಳೇ ಅದನ್ನು ಅಂಗಳಕ್ಕೆ ಹೊತ್ತು ತಂದು ಬಿಸಿಲಿಗೆ ಇಟ್ಟಳು.

ಮೊನ್ನೆ ಮರದ ಗಿಣಿ ತೆಗೆದುಕೊಂಡು ಕಿನ್ನಾಳದಿಂದ ಮನೆಗೆ ಬಂದಾಗ ಉರಿ ಮಧ್ಯಾಹ್ನ. ರೇಣುಕಾ ಪಾರ್ಟಿಯ ಜೊತೆ ಯಲಬುರ್ಗಾಕ್ಕೆ ಹೋಗಿದ್ದಳು. ಮಾವ ಕಟ್ಟೆಯ ಮೇಲಿದ್ದರು; ಈಗ ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಗಿಣಿಯನ್ನು ಕೈಗಿಟ್ಟೆ. ಕೊಕ್ಕು, ರೆಕ್ಕೆ, ಬಾಲ ಎಲ್ಲವನ್ನೂ ಬೆರಳಿಂದ ನೋಡಿ, ರೆಕ್ಕೆ ಮೈಗೆ ಕೂಡುವ ಸಂದಿಯಲ್ಲಿ ಉಗುರು ನಿಲ್ಲಿಸಿದರು.

"ಅಂಟಿಸಿದ್ದೇನು?"

"ಹೌದ್ರೀ ಮಾವ."

"ಇಷ್ಟು ಬಿಸಲಾಗ ಹಂಗ ಕೈಯಾಗ ಹಿಡ್ಕೊಂಡು ಬಂದಿಯಲ್ಲ, ನಿನಗೇನ ಹೇಳೂದವ್ವ," ಎಂದು ಬೈದು, ಗಿಣಿಯನ್ನು ಎದೆಗೆ ಅವಚಿ ಮೇಲೆ ಕಂಬಳಿ ಮುಚ್ಚಿಕೊಂಡರು.